ಮಕ್ಕಳು ಬರೆದದ್ದನ್ನು ಮಕ್ಕಳೇ ಓದಲಿ: ತರಗತಿಯಲ್ಲಿ ಗೋಡೆ ಪತ್ರಿಕೆ ನಡೆಸುವ ಸಮಗ್ರ ಮಾರ್ಗದರ್ಶಿ

ಐದನೇ ತರಗತಿಯ ಯಾವ ನೋಟ್‌ಬುಕ್ ತೆಗೆದರೂ ‘ಮಳೆಗಾಲ’ ಅನ್ನೋ ಪ್ರಬಂಧ ಒಂದೇ ಥರ ಇರುತ್ತದೆ. ಮಳೆ ರೈತನ ಮಿತ್ರ, ಕೆರೆಕಟ್ಟೆ ತುಂಬುತ್ತವೆ, ಎಲ್ಲೆಲ್ಲೂ ಹಸಿರು. ಸಕಲೇಶಪುರದ ಹುಡುಗನೂ ಇದನ್ನೇ ಬರೆಯುತ್ತಾನೆ, ಅರಸೀಕೆರೆಯ ಹುಡುಗಿಯೂ ಇದನ್ನೇ ಬರೆಯುತ್ತಾಳೆ. ಅವನ ಊರಲ್ಲಿ ಮಳೆಗೆ ಸ್ಕೂಲಿಗೇ ರಜೆ ಕೊಡುತ್ತಾರೆ. ಇವಳ ಮನೆಯಲ್ಲಿ ಮೋಡ ಬಂದು ಹಾಗೇ ಹೋಯಿತು ಅಂತ ಅಜ್ಜ ಬೈಯುತ್ತಾ ಕೂತಿರುತ್ತಾರೆ. ಇಬ್ಬರಿಗೂ ಹೇಳೋಕೆ ಬೇಕಾದಷ್ಟಿದೆ. ಆದರೆ ಯಾರಿಗೆ ಹೇಳಬೇಕು? ಮೇಷ್ಟ್ರು ಒಂದು ಟಿಕ್ ಹಾಕುತ್ತಾರೆ, ಪುಟ ತಿರುಗುತ್ತದೆ, ಅಲ್ಲಿಗೆ ಮುಗಿಯಿತು.

ಓದುವವರು ಇದ್ದಾರೆ ಅಂತ ಗೊತ್ತಾದ ಕೂಡಲೇ ಮಕ್ಕಳ ಬರವಣಿಗೆ ಬದಲಾಗುತ್ತದೆ. ಈ ಮಾರ್ಗದರ್ಶಿ ನಿಂತಿರೋದು ಅದೊಂದರ ಮೇಲೆ. ಮಕ್ಕಳು ತರಗತಿಯಲ್ಲಿ ಬರೆದದ್ದನ್ನು, ಕಲಿತದ್ದನ್ನು ಒಬ್ಬರಿಗೊಬ್ಬರು ಓದಿ ಹೇಳೋದು, ಆಮೇಲೆ ಗೋಡೆಗೆ ಹಾಕೋದು, ಆಮೇಲೆ ಇನ್ನೊಂದು ಶಾಲೆಗೆ ಕಳಿಸೋದು. ನಾಲ್ಕರಿಂದ ಏಳನೇ ತರಗತಿಯ ತನಕ ಚೆನ್ನಾಗಿ ನಡೆಯುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸಣ್ಣ ಶಾಲೆಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಬೇಕಾದದ್ದು

ದುಡ್ಡಿನ ಖರ್ಚು ಏನೂ ಇಲ್ಲ ಅಂತಲೇ ಹೇಳಬಹುದು. ಒಂದು ಬದಿ ಖಾಲಿ ಇರುವ ಹಾಳೆಗಳು, ಪೆನ್ಸಿಲ್, ನೈಲಾನ್ ದಾರ, ಬಟ್ಟೆಗೆ ಹಾಕುವ ಕ್ಲಿಪ್ಪು, ಪ್ರತಿ ಮಗುವಿಗೆ ಒಂದು ರಟ್ಟಿನ ಫೈಲ್. ವಾರಕ್ಕೆ ಎರಡು ಪೀರಿಯಡ್ ಬೇಕು: ಒಂದು ಬರೆಯೋಕೆ, ಒಂದು ಓದಿ ಹೇಳೋಕೆ. ಕನ್ನಡದ ಪೀರಿಯಡ್ಡನ್ನೇ ತೆಗೆದುಕೊಳ್ಳಬಹುದು. ಪತ್ರಿಕೆ ಜೋಡಿಸುವ ಕೆಲಸಕ್ಕೆ ತಿಂಗಳಿಗೊಂದು ಬ್ಯಾಗ್ ರಹಿತ ಶನಿವಾರ ಹೇಳಿ ಮಾಡಿಸಿದ ಹಾಗಿದೆ. ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರಿಗೂ ಒಂದು ಮಾತು ಮೊದಲೇ ಹೇಳಿಬಿಡಿ. ಇಲ್ಲಾಂದ್ರೆ ‘ಪಾಠ ಬಿಟ್ಟು ಕಥೆ ಹೇಳಿಸ್ತಾ ಕೂತಿದ್ದಾರೆ’ ಅನ್ನೋ ಮಾತು ಬರುತ್ತೆ.

ಹಂತ 1: ಪ್ರಶ್ನೆ ಚಿಕ್ಕದಾಗಿರಲಿ

‘ಮಳೆಗಾಲ’ ಅಂತ ಕೊಟ್ಟರೆ ಪ್ರಬಂಧ ಬರುತ್ತದೆ. ‘ನಿನ್ನೆ ಮಳೆಗೆ ನಿಮ್ಮ ಮನೆಯಲ್ಲಿ ಎಲ್ಲಿ ಸೋರಿತು? ಅಲ್ಲಿ ಏನು ಇಟ್ಟರು?’ ಅಂತ ಕೇಳಿ ನೋಡಿ. ಪಾತ್ರೆ, ಬಕೆಟ್ಟು, ಟಣ್ ಟಣ್ ಶಬ್ದಕ್ಕೆ ನಿದ್ದೆ ಬಾರದ ತಮ್ಮ, ಎಲ್ಲ ಬರುತ್ತೆ. ಮಗುವಿಗೆ ಮಾತ್ರ ಗೊತ್ತಿರುವ, ನಿಮಗೆ ಗೊತ್ತಿಲ್ಲದ ವಿಷಯ ಕೇಳಬೇಕು. ಉತ್ತರ ನಿಮಗೆ ಮೊದಲೇ ಗೊತ್ತಿದ್ದರೆ ಅದು ಪರೀಕ್ಷೆ.

ನಮ್ಮ ಕಡೆ ವರ್ಷ ಪೂರ್ತಿ ವಿಷಯಕ್ಕೆ ಬರವಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಲ್ಲಿ ಇಂಬಳ (ರಕ್ತ ಹೀರುವ ಜಿಗಣೆ), ಕಳಲೆ (ಎಳೆ ಬಿದಿರು), ಅಣಬೆ, ಮಳೆ ರಜೆ. ಅದೇ ಹೊತ್ತಿಗೆ ಹಾಸನದ ಬಯಲಲ್ಲಿ ಆಲೂಗಡ್ಡೆ ಹೊಲ. ದೀಪಾವಳಿ ಹತ್ತಿರ ಬಂದರೆ ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ತೆಗೆಯೋದ್ರಿಂದ ಮಕ್ಕಳ ಹತ್ತಿರ ಕ್ಯೂನಲ್ಲಿ ನಿಂತ ಕಥೆಗಳು ಬೇಕಾದಷ್ಟು. ಚಿಕ್ಕಮಗಳೂರು ಕಡೆಯ ಮಕ್ಕಳು ಅದೇ ಹಬ್ಬಕ್ಕೆ ದೇವೀರಮ್ಮನ ಬೆಟ್ಟ ಹತ್ತಿರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಒಂದು ಕಡೆ ಕಾಫಿ ಕೊಯ್ಲು, ಇನ್ನೊಂದು ಕಡೆ ರಾಗಿ ಕಣ. ಆಲೂರು, ಸಕಲೇಶಪುರದಲ್ಲಿ ಆನೆ ಬಂದ ರಾತ್ರಿಯ ಸುದ್ದಿ ಬೆಳಿಗ್ಗೆ ಪ್ರಾರ್ಥನೆಗಿಂತ ಮೊದಲೇ ಶಾಲೆಗೆ ಬಂದಿರುತ್ತದೆ.

ಊರ ಹೊರಗಿನ ವೀರಗಲ್ಲನ್ನು ಮರೆಯಬೇಡಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರದು ಎನ್ನಲಾಗುವ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ. ಅದರಲ್ಲಿ ಇರೋದು 16 ಸಾಲು. ಇದನ್ನು ಹೇಳಿ, ‘ನಮ್ಮೂರಲ್ಲಿ ನಿನ್ನೆ ನಡೆದದ್ದನ್ನು ಹದಿನಾರೇ ಸಾಲಲ್ಲಿ ಕಲ್ಲಿಗೆ ಕೆತ್ತಿಸಬೇಕು, ಏನು ಬರೆಸ್ತೀರಿ?’ ಅಂತ ಕೇಳಿದರೆ ಆರನೇ, ಏಳನೇ ತರಗತಿಯವರು ಒಂದೊಂದು ಪದಕ್ಕೂ ಜಗಳ ಆಡುತ್ತಾರೆ. ಆಡಲಿ ಬಿಡಿ.

ಹಂತ 2: ಕಲಿತ ಅನುಭವವನ್ನೂ ಬರೆಸಿ

ಇದು ಜಾಸ್ತಿ ಜನ ಬಿಟ್ಟುಬಿಡುವ ಭಾಗ. ಮನೆ, ಹಬ್ಬ, ತೋಟದ ಬಗ್ಗೆ ಬರೆಸುತ್ತೇವೆ. ಗಣಿತ, ವಿಜ್ಞಾನದ ಪೀರಿಯಡ್ಡಲ್ಲಿ ಮಗುವಿನ ತಲೆಯೊಳಗೆ ಏನಾಯಿತು ಅಂತ ಕೇಳುವುದೇ ಇಲ್ಲ.

ವಾರಕ್ಕೊಮ್ಮೆ ಹೀಗೆ ಕೇಳಿ: ‘ಈ ವಾರ ಎಲ್ಲಿ ಸಿಕ್ಕಿ ಹಾಕಿಕೊಂಡೆ? ಹೇಗೆ ಬಿಡಿಸಿಕೊಂಡೆ? ಇನ್ನೂ ಬಿಡಿಸಿಕೊಂಡಿಲ್ಲ ಅಂದ್ರೆ ಅದನ್ನೂ ಬರಿ.’ ಬರುವ ಉತ್ತರ ಈ ಥರ ಇರುತ್ತದೆ:

‘ನಾಲ್ಕು ಮೂರಕ್ಕಿಂತ ದೊಡ್ಡದು, ಅದಕ್ಕೆ ನಾಲ್ಕನೇ ಒಂದು ಭಾಗ ಮೂರನೇ ಒಂದು ಭಾಗಕ್ಕಿಂತ ದೊಡ್ಡದು ಅಂದುಕೊಂಡಿದ್ದೆ. ಆಮೇಲೆ ಒಬ್ಬಟ್ಟು ನೆನಪಾಯ್ತು. ಮೂರು ಜನ ಇದ್ದರೆ ನನಗೆ ಜಾಸ್ತಿ ಸಿಗುತ್ತೆ. ಮಾವನ ಮಗ ಬಂದು ನಾಲ್ಕು ಜನ ಆದರೆ ಕಮ್ಮಿ.’

ಇದನ್ನು ಆ ಮಗು ಎದ್ದು ನಿಂತು ಓದಿದರೆ, ಅದೇ ಗೊಂದಲ ಇಟ್ಟುಕೊಂಡು ಸುಮ್ನೆ ಕೂತ ನಾಲ್ಕೈದು ಮಕ್ಕಳ ಮುಖ ನೋಡಿ. ಭಿನ್ನರಾಶಿಯನ್ನು ನಾವು ಬೋರ್ಡ್ ಮೇಲೆ ಎಷ್ಟು ಸಲ ಬರೆದರೂ ಮಾವನ ಮಗನ ಲೆಕ್ಕದಷ್ಟು ಬೇಗ ತಲೆಗೆ ಹೋಗುವುದಿಲ್ಲ. ಜೊತೆಗೆ, ಯಾವ ಮಗು ಎಲ್ಲಿ ತಪ್ಪು ತಿಳಿದುಕೊಂಡಿದೆ ಅನ್ನೋದು ಮೇಷ್ಟ್ರಿಗೂ ಪರೀಕ್ಷೆಗೆ ಮೊದಲೇ ಗೊತ್ತಾಗುತ್ತದೆ.

ಹಂತ 3: ಬರೆಯೋಕೆ ಮುಂಚೆ ಮಾತು

ಹಾಳೆ ಕೊಟ್ಟ ಕೂಡಲೇ ಬರೆಯಿರಿ ಅನ್ನಬೇಡಿ. ಪಕ್ಕದವರಿಗೆ ಐದು ನಿಮಿಷ ಹೇಳಲಿ. ಕೇಳುವವರು ‘ಆಮೇಲೆ?’ ಅಂತ ಮಾತ್ರ ಕೇಳಬೇಕು. ಬಾಯಲ್ಲಿ ಒಂದು ಸಲ ಹೇಳಿದ ಮಗು ಪೆನ್ಸಿಲ್ ಕಚ್ಚುತ್ತಾ ಕೂರುವುದಿಲ್ಲ. ಗದ್ದಲ ಆಗುತ್ತೆ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಡಿ.

ಆಮೇಲೆ ಹದಿನೈದು ನಿಮಿಷ ಬರವಣಿಗೆ. ಈ ಹೊತ್ತಲ್ಲಿ ಒಂದೇ ನಿಯಮ: ಕಾಗುಣಿತ ಗೊತ್ತಾಗದಿದ್ದರೆ ಕಿವಿಗೆ ಕೇಳಿದ ಹಾಗೆ ಬರೆದು, ಆ ಪದದ ಕೆಳಗೆ ಗೆರೆ ಎಳೆದು ಮುಂದೆ ಹೋಗಬೇಕು. ರಬ್ಬರ್ ಬ್ಯಾಗಲ್ಲೇ ಇರಲಿ. ಅಳಿಸುತ್ತಾ ಕೂತರೆ ಮೊದಲ ಸಾಲು ಮುತ್ತಿನ ಹಾಗೆ ಇರುತ್ತೆ, ಎರಡನೇ ಸಾಲು ಬಂದಿರೋದೇ ಇಲ್ಲ. ಆ ಹದಿನೈದು ನಿಮಿಷ ನೀವೂ ಒಂದು ಹಾಳೆ ಹಿಡಿದು ಕೂತು ಬರೆಯಿರಿ.

ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಚಟುವಟಿಕೆ ಮೂಲಕ ಕಲಿಯುವ ಪದ್ಧತಿ) ಮಕ್ಕಳಿಗೆ ಇಷ್ಟು ಬರವಣಿಗೆ ಬೇಡ. ಚಿತ್ರ ಬಿಡಿಸಲಿ, ಅದರ ಬಗ್ಗೆ ಹೇಳಲಿ, ಹೇಳಿದ ಒಂದು ಮಾತನ್ನು ನೀವು ಅಥವಾ ದೊಡ್ಡ ತರಗತಿಯ ಮಗುವೊಂದು ಕೆಳಗೆ ಬರೆದರೆ ಸಾಕು.

ಹಂತ 4: ಓದಿ ಹೇಳುವ ಪೀರಿಯಡ್

ಎಲ್ಲ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಕ್ಕಳು ಅರ್ಧಚಂದ್ರಾಕಾರದಲ್ಲಿ ಕೂರಲಿ. ಓದುವ ಮಗುವಿಗೆ ಒಂದು ಕುರ್ಚಿ, ಮೇಷ್ಟ್ರ ಕುರ್ಚಿಯೇ ಆದರೆ ಇನ್ನೂ ಒಳ್ಳೆಯದು. ನೀವು ಮಕ್ಕಳ ಜೊತೆ ಹಿಂದೆ ಕೂತುಕೊಳ್ಳಿ. 40 ನಿಮಿಷದಲ್ಲಿ ಐದಾರು ಜನ ಓದಿದರೆ ಸಾಕು. ಎಲ್ಲರನ್ನೂ ಒಂದೇ ದಿನ ಮುಗಿಸೋಕೆ ಹೋದರೆ ಅದು ಹಾಜರಿ ಕೂಗಿದ ಹಾಗಾಗುತ್ತದೆ. ಯಾರು ಓದಿದರು, ಯಾರು ಇನ್ನೂ ಓದಿಲ್ಲ ಅಂತ ಒಂದು ಪಟ್ಟಿ ಇಟ್ಟುಕೊಳ್ಳಿ. ಓದೋಕೆ ನಾಚಿಕೆ ಅನ್ನುವ ಮಗು ಸ್ನೇಹಿತರಿಂದ ಓದಿಸಬಹುದು.

ಓದಿದ ಮೇಲೆ ಚಪ್ಪಾಳೆ ಬೇಡ. ‘ಚೆನ್ನಾಗಿದೆ’ ಅನ್ನೋದೂ ಬೇಡ. ಕೇಳಿದವರು ಎರಡು ಕೆಲಸ ಮಾಡಬೇಕು. ಒಂದು, ನೆನಪಲ್ಲಿ ಉಳಿದ ಒಂದು ಮಾತನ್ನು ತಿರುಗಿ ಹೇಳುವುದು. ಇನ್ನೊಂದು, ಗೊತ್ತಾಗದೇ ಇದ್ದದ್ದನ್ನು ಕೇಳುವುದು. ‘ಇದು ತಪ್ಪು’ ಅನ್ನುವ ಮಾತಿಗೆ ಈ ಪೀರಿಯಡ್ಡಲ್ಲಿ ಜಾಗ ಇಲ್ಲ ಅಂತ ಮೊದಲ ದಿನವೇ ಹೇಳಿ. ನಿಮಗೂ ಅದೇ ನಿಯಮ.

ಹೇಗೆ ನಡೆಯುತ್ತೆ ಅನ್ನೋದಕ್ಕೆ ಒಂದು ಮಾದರಿ. ಮೂಡಿಗೆರೆ ಕಡೆಯ ಮಗು ಹೀಗೆ ಬರೆದಿದೆ ಅಂದುಕೊಳ್ಳಿ:

‘ನಮ್ಮ ತೋಟದಲ್ಲಿ ಕಾಫಿ ಹೂವು ಅರಳಿತು. ನೋಡಲು ಬಹಳ ಸುಂದರವಾಗಿತ್ತು. ನನಗೆ ತುಂಬಾ ಸಂತೋಷವಾಯಿತು.’

ಮಕ್ಕಳು ಕೇಳುತ್ತಾರೆ: ‘ಹೂಮಳೆ ಯಾವತ್ತು ಬಂತು?’, ‘ಎಷ್ಟು ದಿನ ಆದಮೇಲೆ ಅರಳಿತು?’, ‘ಜೇನು ಬಂದಿತ್ತಾ?’, ‘ನೀನು ತೋಟದೊಳಗೆ ಹೋದ್ಯಾ?’ ತೋಟದ ಮಕ್ಕಳಿಗೆ ಈ ಪ್ರಶ್ನೆಗಳನ್ನು ಕಲಿಸಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ಎಂಟು, ಹತ್ತು ದಿನಕ್ಕೆ ಹೂ ಅರಳುತ್ತದೆ, ಆಮೇಲೆ ಇನ್ನೊಂದು ಮಳೆ ಬೇಕು, ಅದು ಬಾರದಿದ್ದರೆ ಮನೆಯಲ್ಲಿ ಯಾರ ಮುಖ ಹೇಗಿರುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಬರೆದ ಮಗು ಉತ್ತರ ಹೇಳುತ್ತಾ ಹೋಗುತ್ತದೆ. ಪಕ್ಕದಲ್ಲಿ ಕೂತ ಒಬ್ಬರು ಆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಎರಡನೇ ಸಲ ಬರೆದಾಗ:

‘ಮಳೆ ಬಂದು ಒಂಬತ್ತನೇ ದಿನ ಬಾಗಿಲು ತೆಗೆದರೆ ತೋಟ ಎಲ್ಲ ಬೆಳ್ಳಗೆ. ಮಲ್ಲಿಗೆ ಥರ ವಾಸನೆ. ಜೇನು ಎಷ್ಟಿತ್ತು ಅಂದ್ರೆ ಗುಂಯ್ ಅನ್ನೋದು ಅಡಿಗೆಮನೆ ತನಕ ಕೇಳ್ತಿತ್ತು. ಅಮ್ಮ ತೋಟದ ದಾರೀಲಿ ಹೋಗಬೇಡ ಅಂದ್ರು. ರಸ್ತೆ ಸುತ್ತಿ ಬಂದೆ. ಸ್ಕೂಲಿಗೆ ಲೇಟಾಯ್ತು. ಮಿಸ್ ಬೈದರು.’

‘ಸುಂದರ’, ‘ಸಂತೋಷ’ ಎರಡೂ ಹೋದವು. ಯಾರೂ ತೆಗೆಸಲಿಲ್ಲ, ಅವುಗಳ ಅಗತ್ಯ ಬೀಳಲಿಲ್ಲ ಅಷ್ಟೇ.

ಒಂದು ಎಚ್ಚರಿಕೆ. ಕೆಲವು ಮಕ್ಕಳು ಪ್ರಶ್ನೆ ಕೇಳುವ ನೆಪದಲ್ಲಿ ಚುಚ್ಚುತ್ತಾರೆ: ‘ನಿಮ್ಮನೇಲಿ ಟೀವೀನೂ ಇಲ್ವಾ?’ ಅಂತಹ ಮಾತು ಬಂದ ತಕ್ಷಣ, ನಗುತ್ತಲೇ ಆದರೂ, ಅಲ್ಲೇ ನಿಲ್ಲಿಸಿ. ಒಂದು ಸಲ ಬಿಟ್ಟರೆ ಮುಂದಿನ ವಾರದಿಂದ ಎಲ್ಲರೂ ಮತ್ತೆ ‘ಬಹಳ ಸುಂದರವಾಗಿತ್ತು’ ಅಂತಲೇ ಬರೆಯುತ್ತಾರೆ.

ಹಂತ 5: ತಿದ್ದುವುದು

ಕೆಂಪು ಪೆನ್ನು ಈಗ ತೆಗೆಯಬಹುದು. ಅದಕ್ಕಿಂತ ಪೆನ್ಸಿಲ್ ಒಳ್ಳೆಯದು. ಒಂದು ವಾರಕ್ಕೆ ಒಂದು ಬಗೆಯ ತಪ್ಪು ಮಾತ್ರ ನೋಡಿ. ನಮ್ಮ ಕಡೆ ಮೊದಲು ಎದುರಾಗೋದು ಅಕಾರ, ಹಕಾರ. ‘ಹಕ್ಕಿ’ ಬರೆಯೋಕೆ ಹೋಗಿ ‘ಅಕ್ಕಿ’, ‘ಹಾಸನ’ದ ಬದಲು ‘ಆಸನ’. ಈ ವಾರ ಅದೊಂದೇ. ಮುಂದಿನ ವಾರ ಒತ್ತಕ್ಷರ, ಅದರ ಮುಂದಿನ ವಾರ ಮಹಾಪ್ರಾಣ. ಗೆರೆ ಎಳೆದ ಪದಗಳನ್ನು ಮಕ್ಕಳೇ ನಿಘಂಟಿನಲ್ಲೋ ಪಠ್ಯಪುಸ್ತಕದಲ್ಲೋ ಹುಡುಕಲಿ. ಹಾಳೆ ಪೂರ್ತಿ ಕೆಂಪಾಗಿ ವಾಪಸ್ ಬಂದರೆ ಮಗು ಮುಂದಿನ ಸಲ ಗೊತ್ತಿರುವ ಪದಗಳನ್ನಷ್ಟೇ ಬರೆಯುತ್ತದೆ.

ಊರ ಮಾತನ್ನು ತಪ್ಪಿನ ಪಟ್ಟಿಗೆ ಸೇರಿಸಬೇಡಿ. ಅಜ್ಜಿ ಆಡಿದ ಮಾತು ಅಜ್ಜಿ ಆಡಿದ ಹಾಗೇ ಇರಲಿ. ‘ಎಲ್ಲಿಗ್ ಓಯ್ತಿಯಾ ಮಗಾ’ ಅಂತ ಕೇಳಿದ ಅಜ್ಜಿಯ ಬಾಯಲ್ಲಿ ‘ಎಲ್ಲಿಗೆ ಹೋಗುತ್ತೀಯಾ’ ಅಂತ ಹಾಕಿಸಿದರೆ ಆ ಅಜ್ಜಿ ಅಲ್ಲಿಗೆ ಸತ್ತ ಹಾಗೆ. ಮಾತಿಗೆ ಉದ್ಧರಣ ಚಿಹ್ನೆ ಹಾಕೋದನ್ನು ಕಲಿಸಿ, ಒಳಗಿನದ್ದನ್ನು ಮುಟ್ಟಬೇಡಿ.

ಮನೆಮಾತು ಕನ್ನಡ ಅಲ್ಲದ ಮಕ್ಕಳೂ ಇರುತ್ತಾರೆ. ಚಿಕ್ಕಮಗಳೂರಿನ ತರಗತಿಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ತಮಿಳು, ಲಂಬಾಣಿ ಆಡುವವರು ಒಟ್ಟಿಗೆ ಕೂತಿರುತ್ತಾರೆ. ತೋಟದ ಕೆಲಸಕ್ಕೆ ಅಸ್ಸಾಂನಂತಹ ದೂರದ ರಾಜ್ಯಗಳಿಂದ ಬಂದವರ ಮಕ್ಕಳೂ ಈಗ ನಮ್ಮ ಶಾಲೆಗಳಲ್ಲಿದ್ದಾರೆ. ಅವರು ಮೊದಲು ತಮ್ಮ ಮಾತಲ್ಲೇ ಹೇಳಲಿ, ಚಿತ್ರ ಬಿಡಿಸಲಿ. ನಾಲ್ಕು ಪದ ಕನ್ನಡದಲ್ಲಿ ಬರೆದರೂ ಗೋಡೆಗೆ ಹಾಕಿ. ಅದೇ ವಸ್ತುವಿಗೆ ಅವರ ಮಾತಲ್ಲಿ ಏನಂತಾರೆ ಅಂತ ಪಕ್ಕದಲ್ಲಿ ಬರೆಸಿದರೆ ಉಳಿದ ಮಕ್ಕಳು ಅದನ್ನು ಸಂಜೆಯೊಳಗೆ ಕಲಿತುಬಿಡುತ್ತಾರೆ.

ಹಂತ 6: ಗೋಡೆಗೆ ಹಾಕುವುದು

ಮೂರು ಅಥವಾ ನಾಲ್ಕು ಮಕ್ಕಳ ಸಂಪಾದಕ ಮಂಡಳಿ ಮಾಡಿ. ಪ್ರತಿ ತಿಂಗಳೂ ಬದಲಾಗಲಿ, ಇಲ್ಲಾಂದ್ರೆ ಅಕ್ಷರ ದುಂಡಗಿರುವವರೇ ಕಾಯಂ ಆಗುತ್ತಾರೆ. ಪತ್ರಿಕೆಗೆ ಹೆಸರು ಮಕ್ಕಳೇ ಇಡಲಿ. ‘ಜ್ಞಾನಜ್ಯೋತಿ’ ಥರದ ಹೆಸರು ನೀವಾಗಿ ಸೂಚಿಸಬೇಡಿ.

ಯಾರದ್ದು ಹಾಕಬೇಕು? ಎಲ್ಲರದ್ದೂ. ‘ಉತ್ತಮ ಬರಹ’ ಆರಿಸೋದು, ಬಹುಮಾನ ಕೊಡೋದು ನನಗೆ ಒಪ್ಪಿಗೆ ಇಲ್ಲ. ಸ್ಪರ್ಧೆ ಬೇಕು ಅನ್ನುವವರಿಗೆ ಪ್ರತಿಭಾ ಕಾರಂಜಿ ಇದ್ದೇ ಇದೆ. ಒಂದು ತಿಂಗಳಲ್ಲಿ ಪ್ರತಿ ಮಗುವಿನ ಒಂದು ಬರಹ ಬರಬೇಕು, ಯಾವುದು ಅಂತ ಮಗುವೇ ಆರಿಸಬೇಕು.

ಎತ್ತರ ಗಮನಿಸಿ. ಜಾಸ್ತಿ ಶಾಲೆಗಳಲ್ಲಿ ಚಾರ್ಟು ಇರೋದು ತನಿಖೆಗೆ ಬರುವ ಅಧಿಕಾರಿಯ ಕಣ್ಣಿನ ಮಟ್ಟಕ್ಕೆ. ಮಕ್ಕಳ ಕಣ್ಣಿಗೆ ನೇರ ಬರಬೇಕಾದರೆ ನೆಲದಿಂದ ಮೂರೂವರೆ, ನಾಲ್ಕು ಅಡಿ ಸಾಕು. ನಲಿ-ಕಲಿ ಕೊಠಡಿಯಲ್ಲಿ ತಲೆಯ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರ ಇದ್ದರೆ ಚಿಕ್ಕ ಮಕ್ಕಳ ಚಿತ್ರಗಳನ್ನು ಅದಕ್ಕೇ ತೂಗುಹಾಕಬಹುದು.

ಮಲೆನಾಡಿನ ಶಾಲೆಗಳಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಗೋಡೆಗೆ ಅಂಟಿಸಬೇಡಿ. ಥಂಡಿಗೆ ಹಾಳೆ ಮೆತ್ತಗಾಗಿ ಕಳಚಿ ಬೀಳುತ್ತದೆ. ಮೈದಾ ಅಂಟು ಹಾಕಿದರೆ ಬೂಸ್ಟು, ಮೇಲೆ ಜಿರಳೆ. ಒಳಗಿನ ಗೋಡೆಗೆ ಅಡ್ಡಲಾಗಿ ದಾರ ಕಟ್ಟಿ, ಗೋಡೆಗೆ ತಾಗದ ಹಾಗೆ ಕ್ಲಿಪ್ ಹಾಕಿ. ಸ್ಕೆಚ್ ಪೆನ್ನಿನ ಬರಹ ನೀರು ಬಿದ್ದರೆ ಹರಡುತ್ತೆ, ಪೆನ್ಸಿಲ್ ಅಥವಾ ಬಾಲ್ ಪೆನ್ ತಡೆದುಕೊಳ್ಳುತ್ತೆ. ಕಡೂರು, ಅರಸೀಕೆರೆಯವರಿಗೆ ಈ ತಾಪತ್ರಯ ಕಮ್ಮಿ. ಅಲ್ಲಿ ಗಾಳಿಗೆ ಹಾರದಂತೆ ಹಾಳೆಯ ಕೆಳಗೂ ಒಂದು ಕ್ಲಿಪ್ ಹಾಕಿದರೆ ಮುಗಿಯಿತು.

ಪಕ್ಕದಲ್ಲಿ ಒಂದು ಖಾಲಿ ಹಾಳೆ ತೂಗುಹಾಕಿ, ಜೊತೆಗೆ ದಾರ ಕಟ್ಟಿದ ಪೆನ್ಸಿಲ್. ಓದಿದವರು ಅದರಲ್ಲಿ ಪ್ರಶ್ನೆ ಬರೆಯಲಿ. ಬಿಸಿಯೂಟದ ಅಡುಗೆಯವರೂ ಬರೆಯಲಿ. ಬುಧವಾರದ ಸಾರಿನ ಬಗ್ಗೆ ಮಗು ಬರೆದದ್ದಕ್ಕೆ ಅವರ ಉತ್ತರ ಬಂದರೆ, ಆ ವಾರ ಅದರಷ್ಟು ಓದಿಸಿಕೊಳ್ಳುವ ಹಾಳೆ ಇನ್ನೊಂದಿಲ್ಲ.

ಹಂತ 7: ಇನ್ನೊಂದು ಶಾಲೆಯ ಜೊತೆ ಕೊಟ್ಟು ತೆಗೆದುಕೊಳ್ಳುವುದು

1920ರ ದಶಕದಲ್ಲಿ ಫ್ರಾನ್ಸ್‌ನ ಹಳ್ಳಿ ಶಾಲೆಯ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ ತರಗತಿಗೇ ಒಂದು ಸಣ್ಣ ಅಚ್ಚಿನ ಯಂತ್ರ ತಂದಿಟ್ಟರು. ಮಕ್ಕಳು ತಾವು ನೋಡಿದ್ದು, ಮಾಡಿದ್ದನ್ನು ಬರೆದು, ತಾವೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿ ದೂರದ ಶಾಲೆಯ ಮಕ್ಕಳಿಗೆ ಕಳಿಸುತ್ತಿದ್ದರು. ಅಲ್ಲಿಂದಲೂ ಹಾಗೇ ಬರುತ್ತಿತ್ತು. ನಮಗೆ ಯಂತ್ರ ಬೇಡ, ದೊಡ್ಡ ಲಕೋಟೆ ಸಾಕು.

ನಮ್ಮೆರಡು ಜಿಲ್ಲೆಗಳಿಗೂ ಒಂದು ಅನುಕೂಲ ಇದೆ. ಎರಡರಲ್ಲೂ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಮೂಡಿಗೆರೆಯ ಶಾಲೆ ಕಡೂರಿನ ಶಾಲೆಯನ್ನೂ, ಸಕಲೇಶಪುರದ್ದು ಅರಸೀಕೆರೆಯದ್ದನ್ನೂ ಜೊತೆ ಮಾಡಿಕೊಳ್ಳಲಿ. ಇಂಬಳ ಕಂಡಿರದ ಮಗುವಿಗೆ ಇಂಬಳ ಹೇಗೆ ಕಾಲಿಗೆ ಹತ್ತುತ್ತೆ, ಉಪ್ಪು ಯಾಕೆ ಇಟ್ಟುಕೊಳ್ಳಬೇಕು ಅಂತ ವಿವರಿಸಿ ಬರೆಯಬೇಕಾಗುತ್ತದೆ. ತೆಂಗಿನಕಾಯಿ ಕೊಬ್ಬರಿ ಆಗೋಕೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಯಾಕೆ ಇರುತ್ತೆ ಅಂತ ಆ ಕಡೆಯವರು ಬರೆಯಬೇಕಾಗುತ್ತದೆ. ವಿವರಣಾತ್ಮಕ ಬರವಣಿಗೆ ಅಂತ ಪಾಠ ಮಾಡುವ ಕಷ್ಟ ತಪ್ಪಿತು.

ತಿಂಗಳಿಗೊಂದು ಲಕೋಟೆ ಸಾಕು. ಮೂಲ ಹಾಳೆ ಕಳಿಸಬೇಡಿ, ಮಕ್ಕಳು ನಕಲು ಮಾಡಲಿ. ಬಂದ ಲಕೋಟೆಯನ್ನು ಎಲ್ಲರ ಎದುರಿಗೆ ಒಡೆಯಿರಿ. ಉತ್ತರ ಅದೇ ವಾರ ಹೋಗಬೇಕು, ತಡವಾದರೆ ಆಸಕ್ತಿ ಆರಿಹೋಗುತ್ತೆ.

ಹಂತ 8: ಯಾವುದು ಹೊರಗೆ ಹೋಗಬಾರದು

ಮಕ್ಕಳು ನಂಬಿ ಬರೆಯೋಕೆ ಶುರು ಮಾಡಿದ ಮೇಲೆ ಮನೆಯ ಜಗಳ, ಸಾಲ, ಕುಡಿತ ಎಲ್ಲವೂ ಹಾಳೆಗೆ ಬರುತ್ತವೆ. ಅದು ಗೋಡೆಗೆ ಹೋಗಬಾರದು, ಗಟ್ಟಿಯಾಗಿ ಓದಿಸಲೂಬಾರದು. ಇದಕ್ಕೊಂದು ಸುಲಭ ವ್ಯವಸ್ಥೆ: ಹಂಚಿಕೊಳ್ಳಲು ಇಷ್ಟ ಇಲ್ಲದ ಹಾಳೆಯನ್ನು ಮಗು ಮಡಚಿ ಕೊಡುತ್ತದೆ. ಮಡಚಿದ್ದನ್ನು ನೀವೊಬ್ಬರೇ ಓದಿ ಫೈಲಿಗೆ ಹಾಕುತ್ತೀರಿ. ಆದರೆ ಹೊಡೆತ, ಕಿರುಕುಳದ ಸುಳಿವು ಕಂಡರೆ ಫೈಲಿಗೆ ಹಾಕಿ ಸುಮ್ಮನಾಗುವಂತಿಲ್ಲ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ವಾಟ್ಸ್ಯಾಪ್ ಗುಂಪಿಗೆ ಫೋಟೋ ಹಾಕುವ ಅವಸರ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳು ಅಂತಲೇ ನೋಡುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಮುಂದಿಡುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಮಗುವನ್ನೂ ಮನೆಯವರನ್ನೂ ಕೇಳಿ ಹಾಕುವುದು ಮರ್ಯಾದೆ. ಹಾಕುವುದಾದರೆ ಬರಹದ ಫೋಟೋ ಮಾತ್ರ, ಮುಖ ಬೇಡ, ಪೂರ್ತಿ ಹೆಸರು ಬೇಡ, ಮನೆ ಎಲ್ಲಿದೆ ಅನ್ನುವ ಸಾಲು ಬೇಡ.

ಹಂತ 9: ಫೈಲು

ಪ್ರತಿ ಮಗುವಿನ ಎಲ್ಲ ಹಾಳೆಗಳೂ, ಮೊದಲ ಕರಡೂ ಸೇರಿ, ದಿನಾಂಕ ಹಾಕಿ ಫೈಲಿನಲ್ಲಿರಲಿ. ದಸರಾ ರಜೆಗೆ ಮುಂಚೆ ಒಂದು ಸಲ, ಫೆಬ್ರವರಿಯಲ್ಲಿ ಒಂದು ಸಲ ಮಕ್ಕಳ ಕೈಗೆ ಕೊಟ್ಟು ಹಿಂದಿನ ಹಾಳೆಗಳನ್ನು ಓದಿಸಿ. ‘ಜೂನ್‌ನಲ್ಲಿ ಬರೆದದ್ದರಲ್ಲಿ ಈಗ ಏನು ಬದಲಾಯಿಸ್ತೀಯಾ?’ ಅಂತ ಕೇಳಿ, ಅದನ್ನೂ ಬರೆಸಿ. ಬಹಳ ಮಕ್ಕಳು ಹಳೆಯ ಹಾಳೆ ನೋಡಿ ನಗುತ್ತಾರೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆ ಈ ಫೈಲನ್ನೂ ಮುಂದಿಡಿ. ಓದಲು ಬಾರದ ಅಪ್ಪ, ಅಮ್ಮ ಬಂದಿದ್ದರೆ ಮಗುವೇ ಕೂತು ಓದಿ ಹೇಳಲಿ.

ಏಪ್ರಿಲ್‌ನಲ್ಲಿ ಫೈಲು ಮಗುವಿನ ಜೊತೆ ಮನೆಗೆ ಹೋಗಲಿ. ಪ್ರತಿ ಮಗುವಿನ ಒಂದೊಂದು ಬರಹದ ನಕಲನ್ನು ಮಾತ್ರ ದಾರದಲ್ಲಿ ಹೊಲಿದು ಶಾಲೆಯ ಗ್ರಂಥಾಲಯದಲ್ಲಿಡಿ. ಜೂನ್‌ನಲ್ಲಿ ಹೊಸದಾಗಿ ಐದನೇ ತರಗತಿಗೆ ಬಂದವರಿಗೆ ಮೊದಲ ವಾರ ಅದನ್ನೇ ಕೊಡಿ. ಅಕ್ಕನ ಹೆಸರು ಕಂಡ ತಂಗಿ ‘ಇವಳು ಬರೆದಿರೋದು ಸುಳ್ಳು ಮಿಸ್, ಅವತ್ತು ಆನೆ ನೋಡಿದ್ದು ನಾನು’ ಅಂದರೆ, ಅವಳ ಕೈಗೆ ಒಂದು ಹಾಳೆ ಕೊಡಿ.